ಜಲಪಾತದಲ್ಲಿ ಕರಡಿ ಎದುರಾದ ವರ್ಷ

ಮೊನ್ನೆ ಬೆಳಿಗ್ಗೆ ಮಳೆ ನಿಂತ ಮೇಲೆ ವಾಕಿಂಗ್ ಹೋಗಿದ್ದೆ. ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಯ ಹಿಂದೆ ಒಂದು ಸಣ್ಣ ತೊರೆ ಹರಿಯುತ್ತದೆ, ಅದರ ಪಕ್ಕದಲ್ಲೇ ಕಾಲುದಾರಿ. ಪಕ್ಕದ ಬೀದಿಯವರ ದೊಡ್ಡ ಕಪ್ಪು ನಾಯಿ ನೀರಿನಿಂದೆದ್ದು ಬಂದು ನನ್ನ ಬದಿಯಲ್ಲೇ ನಿಂತು ಮೈ ಕೊಡವಿತು. ಒದ್ದೆ ತುಪ್ಪಳದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ದಾರಿಯ ಮೇಲೆ ಕುಕ್ಕರಿಸಿಬಿಟ್ಟಿದ್ದೆ. ನಾಯಿಯ ಒಡತಿ, ಪಾಪ, ಗಾಬರಿಯಿಂದ ಸಾರಿ ಸಾರಿ ಎನ್ನುತ್ತಿದ್ದಳು. ನನ್ನ ಎಡಗೆನ್ನೆಯನ್ನು ನೋಡಿ, ಹಿಂದೆ ಯಾವುದೋ ನಾಯಿ ಕಚ್ಚಿರಬೇಕು ಎಂದುಕೊಂಡಳೋ ಏನೋ. ನಾನೂ ವಿವರಿಸಲು ಹೋಗಲಿಲ್ಲ. ಕರಡಿ ಎಂದರೆ ಇಲ್ಲಿ ಯಾರೂ ಥಟ್ಟನೆ ನಂಬುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕರಡಿಗಳಿಲ್ಲ.

ಮನೆಗೆ ಬಂದು ಕಾಫಿ ಮಾಡಿಕೊಂಡು ಕುಳಿತರೂ ಆ ವಾಸನೆ ಹೋಗಲಿಲ್ಲ. ಅದರ ಹಿಂದೆಯೇ ಆ ವರ್ಷವೆಲ್ಲ ಬಂತು.

ಅದು ನಮ್ಮ ಮಗಳು ಇಂಚರಳ ಎಚ್‌ಎಸ್‌ಸಿ ವರ್ಷ. ಇಲ್ಲಿ ಶಾಲೆಯ ಕೊನೆಯ ಪರೀಕ್ಷೆಗೆ ಹಾಗನ್ನುತ್ತಾರೆ. ನಮ್ಮೂರಿನ ಪಿಯುಸಿ ಇದ್ದಂತೆ, ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ ಜ್ವರ ಜಾಸ್ತಿ. ಇಂಚರ ಎಂದು ಹೆಸರಿಟ್ಟವರು ಮೈಸೂರಿನಲ್ಲಿದ್ದ ನನ್ನ ಅಪ್ಪ. ಹಕ್ಕಿಯ ಇಂಪಾದ ದನಿ ಎಂದರ್ಥ. ಹುಟ್ಟಿದಾಗಿನಿಂದ ಅವಳ ದನಿ ಇಂಪಾಗಿದ್ದದ್ದು ಕಡಿಮೆ. ಸಿಟ್ಟು ಬಂದರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಅದು ನನ್ನಿಂದಲೇ ಬಂದದ್ದು ಎಂದು ನನ್ನ ಗಂಡ ಶ್ರೀನಾಥ್ ಹೇಳುತ್ತಿದ್ದರು. ಅವರು ಸುರಂಗ ಕೊರೆಯುವ ಸಿವಿಲ್ ಎಂಜಿನಿಯರ್, ಹಗಲೆಲ್ಲ ಯಂತ್ರಗಳ ಗದ್ದಲ ಕೇಳಿ ಬಂದವರಿಗೆ ಮನೆಯಲ್ಲಿ ನಮ್ಮಿಬ್ಬರ ಗದ್ದಲ.

ನನಗೆ ಅವಳು ಡಾಕ್ಟರ್ ಆಗಬೇಕಿತ್ತು. ನಾನು ವೆಸ್ಟ್‌ಮೀಡ್‌ನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್-ರೇ, ಸಿಟಿ ಸ್ಕ್ಯಾನ್ ತೆಗೆಯುವ ಕೆಲಸದವಳು. ದಿನವಿಡೀ ಬೇರೆಯವರ ಮೂಳೆಗಳ ಚಿತ್ರ ತೆಗೆದು ಡಾಕ್ಟರುಗಳ ಮೇಜಿಗೆ ಕಳಿಸಿ ಸಾಕಾಗಿತ್ತು. ಮಗಳು ಆ ಮೇಜಿನ ಆಚೆ ಕೂರಲಿ ಎಂಬ ಆಸೆ. ಅವಳಿಗೆ ಬೇಕಾಗಿದ್ದದ್ದು ಭೂವಿಜ್ಞಾನ, ಅದೂ ಮೆಲ್ಬರ್ನ್‌ನ ಕ್ಲೇಟನ್ನಿನ ಯೂನಿವರ್ಸಿಟಿಗೆ ಹೋಗಿ.

"ಕಲ್ಲು ಓದೋಕೆ ಇಲ್ಲಿಂದ ಅಷ್ಟು ದೂರ ಹೋಗ್ಬೇಕಾ?" ಎಂದು ನಾನು.

"ದೂರ ಹೋಗೋಕೇ ಕಲ್ಲು ಓದ್ತಿರೋದು," ಎಂದು ಅವಳು. ಇಂಥ ಮಾತಿಗೆ ಮಾತ್ರ ಅವಳಿಗೆ ಕನ್ನಡ ಬರುತ್ತಿತ್ತು. ಉಳಿದಂತೆ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ.

ಜುಲೈ ಚಳಿಯಲ್ಲಿ ಮೆಡಿಸಿನ್ ಪ್ರವೇಶ ಪರೀಕ್ಷೆ ಬಂತು. ಬೆಳಿಗ್ಗೆ ನಾನೇ ಕಾರಿನಲ್ಲಿ ಬಿಟ್ಟು ಬಂದೆ. ಮಧ್ಯಾಹ್ನದೊಳಗೇ ಬಾಗಿಲ ಬಳಿ ನಿಂತು ಶೂ ಬಿಚ್ಚುತ್ತಾ, ಬಸ್ಸು ತಪ್ಪಿಹೋಯಿತು ಎನ್ನುವಷ್ಟು ಸಲೀಸಾಗಿ, "ಐ ವಾಕ್ಡ್ ಔಟ್, ಅಮ್ಮ," ಎಂದಳು. ಪರೀಕ್ಷೆ ಬರೆಯದೆ ಎದ್ದು ಬಂದಿದ್ದಳು. ನನ್ನ ಕೈಯಲ್ಲಿ ಸಾಂಬಾರಿನ ಸೌಟಿತ್ತು. ಅದು ಅವಳ ಕಿವಿಯ ಪಕ್ಕದಿಂದ ಹಾರಿ ಫ್ರಿಜ್ಜಿಗೆ ಬಡಿದು ಬಾಗಿಲಿನಲ್ಲಿ ತಗ್ಗು ಮಾಡಿತು. ಅವಳು ತಿರುಗಿ ನನ್ನನ್ನು ನೋಡಿದಳು, ಆಮೇಲೆ ಗೋಡೆಗೆ ಒದ್ದಳು. ಇಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ, ಹಲಗೆಯಂಥದ್ದು. ಅವಳ ಕಾಲು ಮೊಣಕಾಲಿನವರೆಗೂ ಗೋಡೆಯೊಳಗೆ ಹೋಯಿತು. ಕಾಲು ಹೊರಗೆಳೆದುಕೊಳ್ಳಲಾಗದೆ ಒಂಟಿ ಕಾಲಲ್ಲಿ ಕುಣಿಯುತ್ತಾ ಬಯ್ಯುತ್ತಿದ್ದ ಮಗಳನ್ನು ಬಿಡಿಸಲು ಹೋದ ನನ್ನ ಭುಜಕ್ಕೆ ಅವಳು ಹಲ್ಲು ಊರಿದಳು. ಹದಿನೇಳು ವರ್ಷದ ಹುಡುಗಿ.

ಸಂಜೆ ಶ್ರೀನಾಥ್ ಬಂದು ತೂತನ್ನೂ, ಫ್ರಿಜ್ಜನ್ನೂ, ನಮ್ಮಿಬ್ಬರನ್ನೂ ನೋಡಿದರು. "ಈ ಮನೇಲಿ ಒಂದು ಹೆಣ ಬೀಳ್ಬೇಕು ಅಂತ ಇದ್ದೀರಾ ಇಬ್ರೂ?" ಎಂದರು. ದನಿ ಏರಿಸಲಿಲ್ಲ. ತೂತಿನ ಮುಂದೆ ಒಂದು ಕುರ್ಚಿ ಎಳೆದಿಟ್ಟು ಕೈಕಾಲು ತೊಳೆಯಲು ಹೋದರು.

ಆ ಮೇಲಿನ ತಿಂಗಳುಗಳು ಹಾಗೆಯೇ. ಬಾಗಿಲು ದಢಾರನೆ ಹಾಕುವುದು, ಊಟದ ತಟ್ಟೆ ತಳ್ಳುವುದು, ಪುಸ್ತಕ ಎಸೆಯುವುದು. ಒಮ್ಮೆ ಕಾರಿನಲ್ಲಿ ಜಗಳವಾಗಿ, ಓಡುತ್ತಿರುವಾಗಲೇ ಅವಳು ಬಾಗಿಲು ತೆರೆದಳು. ನಾನು ಸ್ಟೀರಿಂಗ್ ಬಿಟ್ಟು ಅವಳ ಕೂದಲು ಹಿಡಿದೆಳೆದೆ. ಹಿಂದಿನಿಂದ ಬರುತ್ತಿದ್ದ ಲಾರಿ ನಮ್ಮನ್ನು ಸವರಿಕೊಂಡು ಹೋಯಿತು. ಶ್ರೀನಾಥ್‌ಗೆ ಇಬ್ಬರೂ ಹೇಳಲಿಲ್ಲ. ಅಷ್ಟರಮಟ್ಟಿಗೆ ನಮ್ಮಲ್ಲಿ ಒಪ್ಪಂದವಿತ್ತು.

ಪರೀಕ್ಷೆ ಮುಗಿದರೆ ಜಪಾನಿಗೆ ಹೋಗೋಣ ಎಂಬ ಮಾತನ್ನು ಸಂಧಾನವೆಂಬಂತೆ ತಂದವರು ಶ್ರೀನಾಥ್. ನವೆಂಬರಿನಲ್ಲಿ ಹೊರಟೆವು. ಟೋಕಿಯೋ, ಕ್ಯೋಟೋ ಎಲ್ಲ ನನ್ನ ಆಯ್ಕೆ. ಇಂಚರ ಕೇಳಿದ್ದು ಒಂದೇ ಜಾಗ. ಉತ್ತರದ ಬೆಟ್ಟಗಳ ನಡುವೆ ಯಾರೂ ಹೋಗದ ಒಂದು ಜಲಪಾತ. ಹಳೆಯ ಜ್ವಾಲಾಮುಖಿಯ ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಬಂಡೆಗಳ ಮೇಲಿಂದ ನೀರು ಬೀಳುತ್ತದಂತೆ. ಆ ಬಂಡೆಗಳನ್ನು ಮುಟ್ಟಿ ನೋಡಬೇಕು ಎಂದಳು. ಸಣ್ಣ ರೈಲು, ಆಮೇಲೆ ದಿನಕ್ಕೊಮ್ಮೆ ಬರುವ ಬಸ್ಸು, ಕೊನೆಗೆ ಹಿಸಾಕೊ ಎಂಬ ಎಪ್ಪತ್ತು ದಾಟಿದ ಹೆಂಗಸು ನಡೆಸುವ ಒಂದು ತಂಗುಮನೆ. ನಾವೇ ಅವಳ ಏಕೈಕ ಅತಿಥಿಗಳು.

ಬೆಳಿಗ್ಗೆ ಅನ್ನ, ಉಪ್ಪಿನಕಾಯಿ, ಬಿಸಿ ಸಾರು ಬಡಿಸುತ್ತಾ ಹಿಸಾಕೊ ಫೋನಿಗೆ ಜಪಾನಿ ಭಾಷೆಯಲ್ಲಿ ಏನೋ ಹೇಳಿದಳು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿತು. ಈ ವರ್ಷ ಕಾಡಿನ ಮರಗಳಲ್ಲಿ ಬೀಜವಿಲ್ಲ, ಕರಡಿಗಳು ಹಸಿದಿವೆ, ಕೆಳಗೆ ಬರುತ್ತಿವೆ, ಇವತ್ತು ಹೋಗದಿದ್ದರೆ ಒಳ್ಳೆಯದು.

"ನೋಡು, ಬೇಡ," ಎಂದೆ ನಾನು.

"ವರ್ಷವೆಲ್ಲಾ ನೀನು ಹೇಳಿದ್ದು ಮಾಡ್ದೆ. ಒನ್ ಥಿಂಗ್, ಅಮ್ಮ. ಒನ್," ಎಂದಳು ಇಂಚರ.

ನನಗೆ ರೇಗಿತು, ಆದರೆ ಶ್ರೀನಾಥ್ ಮುಖ ನೋಡಿ ಸುಮ್ಮನಾದೆ. ಹಿಸಾಕೊ ಒಳಗೆ ಹೋಗಿ ಹಿತ್ತಾಳೆಯ ಗಂಟೆಯೊಂದನ್ನು ತಂದು ಇಂಚರಳ ಚೀಲಕ್ಕೆ ಕಟ್ಟಿದಳು, ಒಂದು ಗಟ್ಟಿ ಊರುಗೋಲನ್ನೂ ಕೊಟ್ಟಳು. ಮನುಷ್ಯರ ಸದ್ದು ಕೇಳಿದರೆ ಕರಡಿ ತಾನೇ ದೂರ ಹೋಗುತ್ತದೆ ಎಂದು ಫೋನು ಹೇಳಿತು.

ದಾರಿ ಚೆಂದವಿತ್ತು. ಮೇಪಲ್ ಎಲೆಗಳು ಕೆಂಡದಂತೆ ಉರಿಯುತ್ತಿದ್ದವು, ಕಾಲಡಿ ಒದ್ದೆ ಪಾಚಿ, ಬಾಯಿ ತೆರೆದರೆ ಹೊಗೆ. ಒಂದು ಪುಟ್ಟ ಕಲ್ಲಿನ ಗುಡಿಯ ಬಳಿ ಶ್ರೀನಾಥ್ ಮಂಡಿ ಹಿಡಿದುಕೊಂಡು ಕುಳಿತರು. ನೀವಿಬ್ಬರು ಹೋಗಿ ಬನ್ನಿ, ಹೊಡೆದಾಡ್ಬೇಡಿ ಎಂದರು. ನೂರು ಹೆಜ್ಜೆ ಹೋಗುವುದರೊಳಗೆ ನಾವು ಹೊಡೆದಾಟಕ್ಕೆ ಬಂದಿದ್ದೆವು. ಶುರುವಾದದ್ದು ನನ್ನ ಚಪ್ಪಟೆ ಶೂಗಳಿಂದ, ಮುಗಿದದ್ದು ಇಲ್ಲಿ:

"ರಿಸಲ್ಟ್ ಬರೋ ದಿನ ನಾನು ಮನೇಲಿರಲ್ಲ. ನಿನ್ನ ಮುಖ ನೋಡೋಕಾಗಲ್ಲ ನಂಗೆ," ಎಂದಳು.

"ನೋಡ್ಬೇಡ. ನನ್ನ ಮುಖ ನೋಡಲೇಬೇಡ," ಎಂದು ನಾನು ದಾಪುಗಾಲು ಹಾಕಿ ಮುಂದೆ ನಡೆದೆ. ಹಿಂದೆ ಗಂಟೆಯ ಸದ್ದು ದೂರವಾಗುತ್ತಾ ಹೋಯಿತು. ತಿರುವು ದಾಟಿದ ಮೇಲೆ ನೀರಿನ ಮೊರೆತ ಎಷ್ಟು ಜೋರಾಯಿತೆಂದರೆ, ಗಂಟೆಯಿರಲಿ, ನನ್ನ ಉಸಿರೂ ನನಗೆ ಕೇಳಿಸಲಿಲ್ಲ.

ಜಲಪಾತ ನಿಜಕ್ಕೂ ಭಯಂಕರವಾಗಿತ್ತು. ಕಪ್ಪು ಕಂಬಗಳ ಗೋಡೆ, ಅದರ ನಡುವೆ ಸೀಳಿಕೊಂಡು ಬಂದಂತೆ ಬಿಳಿಯ ನೀರು. ಮೇಲಿನ ಬೆಟ್ಟದಲ್ಲಿ ಎರಡು ದಿನದಿಂದ ಮಳೆಯಾಗಿತ್ತು. ನೀರು ಬೀಳುತ್ತಿರಲಿಲ್ಲ, ಅಪ್ಪಳಿಸುತ್ತಿತ್ತು. ಮಡುವಿನ ಅಂಚಿನಲ್ಲಿ ನಿಂತರೆ ನೆಲ ನಡುಗುವುದು ಹೊಟ್ಟೆಯವರೆಗೂ ತಿಳಿಯುತ್ತಿತ್ತು. ತುಂತುರಿನ ಆಚೆ ಬಂಡೆಯ ಪಕ್ಕ ಕಪ್ಪು ರೈನ್‌ಕೋಟು ಹಾಕಿದ ಯಾರೋ ಗಂಡಸು ಬಗ್ಗಿ ನೀರು ಕುಡಿಯುತ್ತಿರುವಂತೆ ಕಂಡಿತು. ನಮ್ಮಂತೆ ಇನ್ನೊಬ್ಬ ಹುಚ್ಚ ಬಂದಿದ್ದಾನೆ ಎಂದುಕೊಂಡು ಎರಡು ಹೆಜ್ಜೆ ಮುಂದಿಟ್ಟೆ. ಅವನು ತಲೆಯೆತ್ತಿದ. ಎದೆಯ ಮೇಲೆ ಬಿಳಿಯ ಅರ್ಧಚಂದ್ರದ ಗುರುತು.

ಓಡಬಾರದು ಎಂದು ಎಲ್ಲಿಯೋ ಓದಿದ್ದೆ. ಓಡಲೂ ಆಗಲಿಲ್ಲ, ಓಡದಿರಲೂ ಆಗಲಿಲ್ಲ. ಅದು ಎದ್ದು ನಿಂತದ್ದು ನೋಡಿದೆ, ನನ್ನ ಕಡೆ ಬಂದದ್ದು ನೋಡಲಿಲ್ಲ. ಮುಖದ ಎಡಭಾಗಕ್ಕೆ ಬಾಗಿಲೊಂದು ಬಂದು ಬಡಿದಂತಾಯಿತು. ನೋವಲ್ಲ, ಬರೀ ಹೊಡೆತ. ಬಿದ್ದದ್ದು ಮಂಡಿಯುದ್ದದ ತಣ್ಣನೆಯ ನೀರಿನಲ್ಲಿ. ಮೇಲೆ ಬಂದು ಬಿತ್ತು ಅದರ ಭಾರ, ಅದರ ವಾಸನೆ. ಒದ್ದೆ ನಾಯಿ, ಕೊಳೆತ ಹಣ್ಣು, ಹಸಿದ ಹೊಟ್ಟೆಯ ಹುಳಿ ಉಸಿರು. ಮುಖಕ್ಕೆ ಅಡ್ಡವಾಗಿ ಎತ್ತಿದ ನನ್ನ ತೋಳನ್ನು ಬಾಯಲ್ಲಿ ಹಿಡಿದು ಜಗ್ಗಿತು. ನನ್ನ ಮೂಳೆ ಮುರಿದದ್ದು ನನಗೆ ಕೇಳಿಸಲಿಲ್ಲ, ಮೈಯೊಳಗೆ ತಿಳಿಯಿತು. ನಾನು ಕಿರುಚಿರಬೇಕು. ನೀರಿನ ಮೊರೆತದಲ್ಲಿ ಎಲ್ಲವೂ ಮೂಕಿ ಚಿತ್ರದಂತೆ ನಡೆಯುತ್ತಿತ್ತು. ಎಡಗಣ್ಣಿಗೆ ರಕ್ತ ತುಂಬಿ ಕತ್ತಲಾಯಿತು. ಬಲಗಣ್ಣಿಗೆ ಮೇಪಲ್ ಕೊಂಬೆಯೊಂದು, ಅದರ ಆಚೆ ಆಕಾಶ. ಇಷ್ಟೇ, ಮುಗಿಯಿತು ಎಂದು ಸ್ಪಷ್ಟವಾಗಿ ಅನ್ನಿಸಿತು.

ಆ ಬಲಗಣ್ಣಿನಲ್ಲೇ ಇಂಚರಳನ್ನು ನೋಡಿದೆ.

ಅವಳು ನೀರಿಗೆ ಧುಮುಕಿ ಬಂದಳು. ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಕರಡಿಯ ತಲೆಗೆ ಬಡಿದಳು. ಇನ್ನೊಮ್ಮೆ ಬಡಿದಾಗ ಕೋಲು ಮುರಿಯಿತು. ಮುರಿದ ತುದಿಯಿಂದ ಕಣ್ಣಿಗೆ, ಬಾಯಿಗೆ ಚುಚ್ಚಿದಳು. ಕರಡಿ ನನ್ನ ತೋಳು ಬಿಟ್ಟು ಅವಳತ್ತ ತಿರುಗಿ ಪಂಜ ಬೀಸಿತು. ಅವಳ ಜಾಕೆಟ್ಟಿನ ತೋಳು ಹರಿದು ಹತ್ತಿ ಹೊರಬಂತು, ಹತ್ತಿ ಕೆಂಪಾಯಿತು. ಹಿಂದೆ ಸರಿಯುತ್ತಾಳೆ ಎಂದುಕೊಂಡೆ. ಸರಿಯಲಿಲ್ಲ. ಬಗ್ಗಿ, ಎರಡೂ ಕೈ ತುಂಬುವಂಥ ಕಲ್ಲೊಂದನ್ನು ನೀರಿನಿಂದ ಎತ್ತಿದಳು. ಅದನ್ನು ಎಸೆಯಲಿಲ್ಲ. ಹಿಡಿದುಕೊಂಡೇ ಕರಡಿಯ ಮೂಗಿನ ಮೇಲೆ ಜಜ್ಜಿದಳು, ಮತ್ತೆ ಜಜ್ಜಿದಳು. ಬಾಯಿ ಅಗಲವಾಗಿ ತೆರೆದಿತ್ತು, ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು, ಏನೋ ಕೂಗುತ್ತಿದ್ದಳು, ಒಂದಕ್ಷರವೂ ನನಗೆ ಕೇಳಿಸಲಿಲ್ಲ. ಆ ಮುಖವನ್ನು ನಾನು ವರ್ಷವೆಲ್ಲ ನೋಡಿದ್ದೆ. ಅಡುಗೆಮನೆಯಲ್ಲಿ, ಕಾರಿನಲ್ಲಿ, ನನ್ನೆದುರು. ಅದೇ ಮುಖ.

ಕರಡಿ ತಲೆ ಕೊಡವಿತು, ನನ್ನ ಮೇಲಿಂದ ಇಳಿಯಿತು, ಬಂಡೆಗಳ ನಡುವೆ ನುಗ್ಗಿ ಹೋಯಿತು. ಅದು ಹೋದ ಮೇಲೂ ಅವಳು ನಿಲ್ಲಿಸಲಿಲ್ಲ. ಕಾಡಿನತ್ತ ಕಲ್ಲು ಎಸೆಯುತ್ತಲೇ ಇದ್ದಳು, ಶ್ರೀನಾಥ್ ಕುಂಟುತ್ತಾ ಓಡಿ ಬಂದು ಹಿಂದಿನಿಂದ ಅಪ್ಪಿ ಹಿಡಿಯುವವರೆಗೂ. ಅವರ ಹಲ್ಲಿಗೂ ಅವಳ ಮೊಣಕೈ ಬಡಿಯಿತು.

ಮುಂದಿನದೆಲ್ಲ ತುಂಡು ತುಂಡಾಗಿ ನೆನಪಿದೆ. ಶ್ರೀನಾಥ್ ತಮ್ಮ ಶರ್ಟನ್ನು ನನ್ನ ಮುಖಕ್ಕೆ ಒತ್ತಿ ಹಿಡಿದದ್ದು. ಇಂಚರ ನನ್ನನ್ನು ಬೆನ್ನಿಗೆ ಹಾಕಿಕೊಂಡದ್ದು, ನನ್ನ ರಕ್ತ ಅವಳ ಕತ್ತಿನ ಮೇಲೆ ಹರಿದದ್ದು. ಕೆಳಗೆ ರಸ್ತೆಯಲ್ಲಿ ಹಿಸಾಕೊ ಚಪ್ಪಲಿಯಿಲ್ಲದೆ ಓಡಿ ಬಂದದ್ದು. ಜಿಲ್ಲಾಸ್ಪತ್ರೆಯಂಥ ಆಸ್ಪತ್ರೆಯೊಂದರಲ್ಲಿ ನನ್ನನ್ನು ಸ್ಕ್ಯಾನ್ ಯಂತ್ರದೊಳಗೆ ಸರಿಸಿದರು. ಯುವ ಡಾಕ್ಟರೊಬ್ಬ ಆಮೇಲೆ ಚಿತ್ರವನ್ನು ತೋರಿಸಿ ಇಂಗ್ಲಿಷಿಗೆ ತಡಕಾಡುತ್ತಿದ್ದ. ನನಗೆ ಅವನ ವಿವರಣೆ ಬೇಕಿರಲಿಲ್ಲ. ಕೆನ್ನೆಯ ಮೂಳೆ ಮೂರು ಚೂರಾಗಿತ್ತು, ಕಣ್ಣಿನ ಗೂಡಿನ ಅಂಚು ಒಳಗೆ ಕುಸಿದಿತ್ತು. ಇಂಥ ಚಿತ್ರಗಳನ್ನು ಎಷ್ಟೋ ತೆಗೆದಿದ್ದೇನೆ. ಮೂಲೆಯಲ್ಲಿದ್ದ ಹೆಸರು ಮಾತ್ರ ನನ್ನದಾಗಿತ್ತು.

ಕಣ್ಣು ಉಳಿಯಿತು. ಎಡಗಿವಿಯ ಅರ್ಧ ಹೋಯಿತು. ಕೆನ್ನೆಯನ್ನು ಹೊಲಿದರು, ತೋಳಿಗೆ ಲೋಹದ ಪಟ್ಟಿ ಹಾಕಿದರು. ಇಂಚರಳ ತೋಳಿಗೆ ಹೊಲಿಗೆ, ಬಲಗೈಯ ಎರಡು ಬೆರಳು ಮುರಿದಿದ್ದವು. ಕರಡಿ ಮುರಿದದ್ದಲ್ಲ. ಕಲ್ಲಿನಿಂದ ಜಜ್ಜುವಾಗ ಅವಳೇ ಮುರಿದುಕೊಂಡದ್ದು.

ಮರುದಿನ ಊರಿನ ಬೇಟೆಗಾರರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಂದೂಕು ಹಿಡಿದು ಕಾಡಿಗೆ ಹೋದರು. ಮನುಷ್ಯರ ಮೇಲೆ ಬಿದ್ದ ಕರಡಿಯನ್ನು ಅಲ್ಲಿ ಬಿಡುವುದಿಲ್ಲವಂತೆ. ಹೊಡೆದರು. ಅದೇ ಕರಡಿಯೇ ಎಂದು ನೋಡಿ ಹೇಳಲು ಶ್ರೀನಾಥ್‌ರನ್ನು ಕರೆದರು. ಅವರು ಅದನ್ನು ನೋಡೇ ಇರಲಿಲ್ಲ. ಇಂಚರ ಹೋದಳು.

ತಿರುಗಿ ಬಂದವಳು ನನ್ನ ಹಾಸಿಗೆಯ ಪಕ್ಕ ನಿಂತಳು, ಕೂರಲಿಲ್ಲ. "ಅದೇನಾ?" ಎಂದೆ. ಅರ್ಧ ತುಟಿಯಲ್ಲಿ ಮಾತಾಡಬೇಕಿತ್ತು.

"ಅದೇ. ಮೂಗು ಮುರಿದಿತ್ತು." ಆಮೇಲೆ ಹೇಳಿದಳು, "ಚಿಕ್ಕದು, ಅಮ್ಮ. ನನಗಿಂತ ಚಿಕ್ಕದು. ಲಾರಿ ಹಿಂದೆ ಹಾಕಿದ್ರು. ಪಕ್ಕೆಲುಬೆಲ್ಲಾ ಕಾಣಿಸ್ತಿತ್ತು."

"ಒಳ್ಳೇದಾಯ್ತು ಸತ್ತಿದ್ದು," ಎಂದೆ. ಮನಸ್ಸಿನಿಂದಲೇ ಹೇಳಿದೆ. ಈಗಲೂ ಹಾಗೇ ಹೇಳುತ್ತೇನೆ.

"ಹಾಗನ್ನಬೇಡ."

"ಯಾಕೆ ಅನ್ನಬಾರ್ದು? ನನ್ನ ಮುಖ ನೋಡು."

"ಡೋಂಟ್ ಸೇ ಗುಡ್." ಅವಳ ದನಿ ಏರಿತು. "ಅದಕ್ಕೆ ಹಸಿವಾಗಿತ್ತು. ನೀನು ಒಂದು ನಿಮಿಷ ನಂಗೋಸ್ಕರ ನಿಂತಿದ್ರೆ ಗಂಟೆ ಸದ್ದು ಕೇಳಿ ಅದು ಹೋಗ್ತಿತ್ತು. ನೀನು ನಿಲ್ಲಲ್ಲ. ಯಾವತ್ತೂ ನಿಲ್ಲಲ್ಲ."

"ನೀರಿನ ಸದ್ದಲ್ಲಿ ಯಾವ ಗಂಟೆ? ಬರಲೇಬೇಕು ಅಂದವಳು ಯಾರು?"

ಪಕ್ಕದ ಸ್ಟೀಲ್ ಟ್ರೇಯನ್ನು ಅವಳು ಗೋಡೆಗೆ ಎಸೆದಳು. ಟ್ರೇ, ಕತ್ತರಿ, ನೀರಿನ ಲೋಟ ಎಲ್ಲ ಚೆಲ್ಲಾಪಿಲ್ಲಿ. ನರ್ಸ್ ಓಡಿ ಬಂದಳು. ಏನೂ ಕೇಳದೆ ಇಂಚರಳನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ನೆಲ ಒರೆಸಿ, ಹೋದಳು. ನನ್ನ ಕೆನ್ನೆಯ ಹೊಲಿಗೆಯೊಳಗೆ ರಕ್ತ ಬಡಿದುಕೊಳ್ಳುತ್ತಿತ್ತು.

ಆಮೇಲೆ ಕೇಳಿದೆ, "ಅಲ್ಲಿ ಏನು ಕೂಗ್ತಿದ್ದೆ? ನಂಗೆ ಏನೂ ಕೇಳಿಸಲಿಲ್ಲ."

ಅವಳು ಬ್ಯಾಂಡೇಜಿನ ಬೆರಳುಗಳನ್ನೇ ನೋಡುತ್ತಿದ್ದಳು. "ನಿಂಗೆ ಹೇಳ್ಬೇಕು ಅಂತ ಇದ್ದಿದ್ದೆಲ್ಲಾ," ಎಂದಳು. "ಇಡೀ ವರ್ಷದ್ದು. ಎಲ್ಲಾ ಅದಕ್ಕೆ ಹೇಳ್ಬಿಟ್ಟೆ."

ಡಿಸೆಂಬರಿನ ಬಿಸಿಲಿಗೆ ಸಿಡ್ನಿಗೆ ಮರಳಿದೆವು. ವೆಸ್ಟ್‌ಮೀಡ್‌ನಲ್ಲಿ ಇನ್ನೆರಡು ಆಪರೇಷನ್. ನಾನು ಕೆಲಸ ಮಾಡುವ ಯಂತ್ರದಲ್ಲೇ ನನ್ನ ಸಹೋದ್ಯೋಗಿಗಳು ನನ್ನ ಚಿತ್ರ ತೆಗೆದರು, ಒಬ್ಬಳು ಗಾಜಿನ ಆಚೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಗೆ ಜನ ಬರತೊಡಗಿದರು. ಬಿಸಿಬೇಳೆಬಾತು, ಪಾಯಸ, ಚಪಾತಿಯ ಡಬ್ಬಿಗಳು. ಕರಡಿನಾ? ಜಪಾನ್‌ನಲ್ಲಾ? ಎಂದು ಎಲ್ಲರ ಪ್ರಶ್ನೆ. ಒಬ್ಬರು ಕರಡಿಗಳ ವಿಡಿಯೋ ತೋರಿಸಲು ಫೋನು ತೆಗೆದರು, ಶ್ರೀನಾಥ್ ನಯವಾಗಿ ಅದನ್ನು ತಿರುಗಿ ಅವರ ಜೇಬಿಗಿಟ್ಟರು.

ಒಂದು ಭಾನುವಾರ ನಮ್ಮ ಪರಿಚಯದ ಒಬ್ಬ ಆಂಟಿ ನನ್ನ ಕೆನ್ನೆಯನ್ನು ಬಹಳ ಹೊತ್ತು ನೋಡಿ, ಆಮೇಲೆ ಇಂಚರಳನ್ನು ನೋಡಿ, "ಸದ್ಯ, ಹುಡುಗಿ ಮುಖಕ್ಕೆ ಏನೂ ಆಗ್ಲಿಲ್ಲ. ನಿಂದೇನು ಬಿಡು, ವಯಸ್ಸಾಯ್ತು," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇಂಚರ ಎದ್ದು ಅವರ ಕೈಯಲ್ಲಿದ್ದ ಕಾಫಿ ಲೋಟವನ್ನು ತೆಗೆದುಕೊಂಡು ಸಿಂಕಿಗೆ ಸುರಿದಳು. ಅವರ ಹ್ಯಾಂಡ್‌ಬ್ಯಾಗ್ ಎತ್ತಿ ಬಾಗಿಲ ಹೊರಗಿಟ್ಟಳು. ಬಾಗಿಲು ತೆರೆದೇ ಹಿಡಿದು ನಿಂತಳು. ಆಂಟಿ ಹೋದ ಮೇಲೆ ಶ್ರೀನಾಥ್ ತಲೆ ಮೇಲೆ ಕೈ ಹೊತ್ತು ಕುಳಿತರು.

ಅದಕ್ಕಿಂತ ಕೆಟ್ಟದ್ದು ಶಾಪಿಂಗ್ ಸೆಂಟರಿನಲ್ಲಿ ನಡೆಯಿತು. ನಾನು ಮುಖಕ್ಕೆ ಏನೂ ಮುಚ್ಚಿಕೊಳ್ಳದೆ ಹೊರಟ ಮೊದಲ ದಿನ. ಎಸ್ಕಲೇಟರ್ ಮೇಲೆ ಎದುರಾದ ಮೂವರು ಯುವಕರಲ್ಲಿ ಒಬ್ಬ ನನ್ನನ್ನು ನೋಡಿ ಮುಖ ಸೊಟ್ಟ ಮಾಡಿ ಸ್ನೇಹಿತರನ್ನು ನಗಿಸಿದ. ಇಂಚರ ಕೆಳಗಿಳಿಯುವ ಮೆಟ್ಟಿಲುಗಳ ಮೇಲೆ ಮೇಲಕ್ಕೆ ಓಡಿದಳು. ನಾನು ತಲುಪುವ ಹೊತ್ತಿಗೆ ಅವನು ನೆಲದ ಮೇಲಿದ್ದ, ಮೂಗಿನಿಂದ ರಕ್ತ ಸುರಿಯುತ್ತಿತ್ತು, ಅವಳ ಎಡಗೈ ಅವನ ಕಾಲರಿನಲ್ಲಿತ್ತು, ಪ್ಲಾಸ್ಟರ್ ಕಟ್ಟಿದ ಬಲಗೈ ಮೇಲೆತ್ತಿತ್ತು. ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ಅವನ ಮೂಗನ್ನೇ ನೋಡುತ್ತಿದ್ದಳು. ಅಲ್ಲೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು.

ಪೊಲೀಸರು ಬಂದರು. ಆ ಹುಡುಗ ನನ್ನ ಮುಖವನ್ನು ಹತ್ತಿರದಿಂದ ನೋಡಿ, ವಿಷಯ ಕೇಳಿ, ತಾನೇ ತಪ್ಪು ಮಾಡಿದೆ, ಕಂಪ್ಲೇಂಟ್ ಬೇಡ ಎಂದ. ಎಚ್ಚರಿಕೆ ಕೊಟ್ಟು ಬಿಟ್ಟರು. ಅಲ್ಲಿಂದ ವಾರಕ್ಕೊಮ್ಮೆ ಇಂಚರಳನ್ನು ಒಬ್ಬ ಕೌನ್ಸೆಲರ್ ಬಳಿಗೆ ಶ್ರೀನಾಥ್ ಕರೆದೊಯ್ಯತೊಡಗಿದರು. ಅಲ್ಲಿ ಏನು ಮಾತಾಡುತ್ತಿದ್ದಳೋ ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಮನೆಯಲ್ಲಿ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳತೊಡಗಿದವು. ನನಗೆ ಆ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಇದರ ನಡುವೆ ಎಲ್ಲಿಯೋ ರಿಸಲ್ಟ್ ಬಂದಿತ್ತು. ಕ್ಲೇಟನ್ನಿಗೆ ಸಾಕಾಗುವಷ್ಟು ಅಂಕ. ಅವತ್ತು ಅವಳು ಮನೆಯಲ್ಲೇ ಇದ್ದಳು, ನನ್ನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಳು. "ಪಾಸ್," ಎಂದಳು. "ಹೂಂ, ಅಲುಗಾಡಬೇಡ, ಕಣ್ಣಿಂದ ಹೊರಗೆ ಬೀಳುತ್ತೆ," ಎಂದೆ ನಾನು.

ಫೆಬ್ರವರಿ ಕೊನೆಗೆ ಅವಳನ್ನು ಬಿಟ್ಟುಬರಲು ನಾನೊಬ್ಬಳೇ ಹೋದೆ. ಶ್ರೀನಾಥ್‌ಗೆ ಮಂಡಿಯ ಆಪರೇಷನ್ ಆಗಿತ್ತು. ಮೆಲ್ಬರ್ನ್ ಬೆಂಕಿಯಂತೆ ಕಾಯುತ್ತಿತ್ತು. ಉತ್ತರದ ಒಣ ಗಾಳಿ ಬಸ್‌ಸ್ಟಾಪಿನ ಕಸವನ್ನೆಲ್ಲ ನಮ್ಮ ಕಾಲಿಗೆ ಎಸೆಯುತ್ತಿತ್ತು. ಯೂನಿವರ್ಸಿಟಿಯಿಂದ ಎರಡು ಬಸ್‌ಸ್ಟಾಪು ದೂರದ ಹಳೆಯ ಇಟ್ಟಿಗೆ ಮನೆ. ಇತರ ಮೂವರು ವಿದ್ಯಾರ್ಥಿನಿಯರ ಜೊತೆ ಹಂಚಿಕೊಂಡ ರೆಂಟ್. ಅವರಲ್ಲಿ ಒಬ್ಬಳು ದಾವಣಗೆರೆಯ ಹುಡುಗಿ, ರಮ್ಯಾ, ನರ್ಸಿಂಗ್ ಓದುವವಳು. ಬಾಗಿಲು ತೆರೆದವಳೇ ನನ್ನನ್ನು ನೋಡಿ ನೇರವಾಗಿ ಕೇಳಿದಳು.

"ಆಂಟಿ, ಕೆನ್ನೆಗೆ ಏನಾತ್ರಿ?"

ಇಂಚರ ಸೂಟ್‌ಕೇಸನ್ನು ಕೆಳಗಿಟ್ಟಳು. ಅವಳ ಹೆಗಲು ಬಿಗಿಯಾದದ್ದು ಕಂಡೆ. ನಾನೇ ಬೇಗ ಉತ್ತರಿಸಿದೆ, "ಕರಡಿ ಹೊಡೀತು."

"ಖರೇನಾ?"

"ಖರೇನೇ. ನನ್ನನ್ನ ಮುಗಿಸಿಬಿಡ್ತಿತ್ತು. ಇವಳು ಕಲ್ಲು ತಗೊಂಡು ಹೊಡೆದು ಓಡಿಸಿದ್ಲು."

ಇದನ್ನು ನಾನು ಮೂರನೆಯವರೊಬ್ಬರ ಮುಂದೆ ಅವಳೆದುರಿಗೇ ಹೇಳಿದ್ದು ಅದೇ ಮೊದಲು. ಬಂದವರಿಗೆಲ್ಲ ಕರಡಿ ತಾನೇ ಹೋಯಿತು ಎಂದು ಹೇಳುತ್ತಿದ್ದೆ. ಅವಳಿಗೆ ನೋವಾಗುತ್ತದೆ ಎಂದೋ, ಜನ ಕೆದಕುತ್ತಾರೆ ಎಂದೋ. ರಮ್ಯಾ ಇಂಚರಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾದ್ರ ಈ ಮನಿಯಾಗ ಇಲಿ, ಜಿರಳೆ ನಿನ್ನ ಪಾಲು," ಎಂದು ಹೇಳಿ ಸೂಟ್‌ಕೇಸ್ ಎತ್ತಿಕೊಂಡು ಒಳಗೆ ಹೋದಳು. ಇಂಚರ ಅವಳ ಹಿಂದೆ ಹೋದಳು.

ಮಧ್ಯಾಹ್ನದವರೆಗೆ ಇಬ್ಬರೂ ಸೇರಿ ಮಂಚ ಜೋಡಿಸಲು ಹೆಣಗಿದೆವು. ನನ್ನದು ಒಂದೇ ನೆಟ್ಟಗಿನ ತೋಳು, ಅವಳದು ಇನ್ನೂ ಮಡಚಲಾಗದ ಎರಡು ಬೆರಳು. ಮಂಚದ ಎರಡು ಕಾಲು ಉಲ್ಟಾ ಕೂತವು. ಕೊನೆಗೆ ಕೈಬಿಟ್ಟು ಹಾಸಿಗೆಯನ್ನು ನೆಲಕ್ಕೇ ಹಾಕಿ, ಪರದೆ ಎಳೆದು, ಫ್ಯಾನು ಹಚ್ಚಿ ಮಲಗಿದೆವು. ಅವಳು ಚಿಕ್ಕವಳಿದ್ದಾಗಿನಿಂದ ನಾವು ಅಷ್ಟು ಹತ್ತಿರ ಮಲಗಿರಲಿಲ್ಲ. ಬೆವರಿನಲ್ಲೇ ಅವಳಿಗೆ ನಿದ್ದೆ ಹತ್ತಿತು. ನಾನು ಅವಳ ಮುಖ ನೋಡುತ್ತಾ ಮಲಗಿದ್ದೆ.

ಮೊದಲು ಅವಳ ಕಾಲು ಜಾಡಿಸಿತು. ಹುಬ್ಬು ಗಂಟಾಯಿತು, ಹಲ್ಲು ಕಚ್ಚಿದಳು. ಏಳಿಸಬೇಕೋ ಬೇಡವೋ ಎಂದು ನಾನು ಯೋಚಿಸುವುದರೊಳಗೆ ಅವಳ ಮುಷ್ಟಿ ಬಂದು ನನ್ನ ಎಡಗೆನ್ನೆಗೆ, ಹೊಲಿಗೆಯ ಗುರುತಿನ ಮೇಲೆಯೇ ಬಡಿಯಿತು. ಕಣ್ಣ ಮುಂದೆ ಬೆಳಕು ಚೂರಾಯಿತು. ನಾನು ಆ ಮುಷ್ಟಿಯನ್ನು ಹಿಡಿದುಕೊಂಡೆ. ಅವಳು ಬೆಚ್ಚಿ ಎದ್ದಳು. ಎಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನನ್ನ ಕೆನ್ನೆ ನೋಡಿದಳು, ನನ್ನ ಕೈಯಲ್ಲಿದ್ದ ತನ್ನ ಮುಷ್ಟಿ ನೋಡಿದಳು.

"ಹೊಡೆದ್ನಾ?"

"ಹೂಂ."

"ಜೋರಾಗಿ?"

"ಹೂಂ."

"ದಿನಾ ಕನಸು ಬರುತ್ತೆ, ಅಮ್ಮ," ಎಂದಳು. "ಅದೇ ನೀರು, ಅದೇ ಕಲ್ಲು. ಹೊಡೀತಾ ಇರ್ತೀನಿ. ಆದ್ರೆ ಕೆಲವು ಸಲ ಕೆಳಗೆ ನೋಡಿದ್ರೆ..." ನಿಲ್ಲಿಸಿದಳು.

"ಕರಡಿ ಇರಲ್ಲ," ಎಂದೆ.

ಅವಳು ತಲೆಯಾಡಿಸಿದಳು.

"ಇವತ್ತು ಯಾರಿದ್ರು?"

ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಪಕ್ಕದ ಕೋಣೆಯಲ್ಲಿ ರಮ್ಯಾ ಯಾರೊಡನೆಯೋ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು.

"ನೀನು," ಎಂದಳು.

ಕೆನ್ನೆ ಉರಿಯುತ್ತಿತ್ತು. "ಹಾಗಾದ್ರೆ ಏಟು ಸರಿಯಾದ ಕಡೆಗೇ ಬಿದ್ದಿದೆ ಬಿಡು," ಎಂದೆ.

ಅವಳು ನನ್ನನ್ನು ದಿಟ್ಟಿಸಿದಳು. ಗಂಟಲಿನಿಂದ ಏನೋ ಸದ್ದು ಬಂತು, ಬಿಕ್ಕಳಿಕೆಯೆಂದುಕೊಂಡೆ. ಅಲ್ಲ. ನಗುತ್ತಿದ್ದಳು. ಬಾಯಿ ಮುಚ್ಚಿಕೊಂಡು, ಹೆಗಲು ಕುಲುಕಿಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಳು. ನನ್ನ ಮುಖದ ಬಲಗಡೆ ಮಾತ್ರ ಈಗ ನಗುತ್ತದೆ, ಎಡಗಡೆಯ ನರ ಸತ್ತಿದೆ. ಇದ್ದಷ್ಟರಲ್ಲೇ ನಾನೂ ನಕ್ಕೆ.